ಹವಾಲ್ದಾರ್ ಕಾಕಾಗೆ ಸಿಕ್ಕ ಸಲಾಮು

ಅವರ ಕುತ್ತಿಗೆ ತಿರುಗುತ್ತಿರಲಿಲ್ಲ. ಯುದ್ಧದಲ್ಲಿ ಬಿದ್ದ ಪೆಟ್ಟಂತೆ. ಹಿಂದಿನಿಂದ ಕರೆದರೆ ಇಡೀ ಮೈಯನ್ನು ಹಿಮ್ಮಡಿಯ ಮೇಲೆ ಗಿರಕ್ಕನೆ ತಿರುಗಿಸಿ, "ಹೇಳಪಾ" ಎನ್ನುತ್ತಿದ್ದರು. ಡೊಂಬಿವಲಿಯ ನಮ್ಮ ಸಾಲುಖೋಲಿಗಳ ಚಾಳಿಗೆಲ್ಲ ಅವರು ಹವಾಲ್ದಾರ್ ಕಾಕಾ. ಬೆಳಗಾವಿ ಕಡೆಯವರು. ಸೈನ್ಯ ಬಿಟ್ಟ ಮೇಲೆ ಕಳವಾ ಎಂಬಲ್ಲಿನ ಒಂದು ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿದ್ದರು. ಉಡುಪಿಯಿಂದ ಬಂದು ಪಕ್ಕದ ಖೋಲಿ ಹಿಡಿದಿದ್ದ ನನಗೆ ನಲ್ಲಿಯ ಸರದಿ, ಲೋಕಲ್ ರೈಲು ಹತ್ತುವ ವಿದ್ಯೆ ಎರಡನ್ನೂ ಕಲಿಸಿದವರು ಅವರೇ. ಜ್ವರ ಬಂದರೆ ಅವರ ಹೆಂಡತಿ ಕಾಕೂ ಮಾಡಿದ ಕಷಾಯ ತಂದು ಎದುರಿಗೇ ನಿಲ್ಲುತ್ತಿದ್ದರು. ಒಲ್ಲೆ ಎಂದರೆ, "ಆರ್ಡರ್ ಅಂದ್ರ ಆರ್ಡರ್."

ಅವರಿಗಿದ್ದ ಆಸೆ ಒಂದೇ. "ಸೈನ್ಯದಾಗ ಸಲಾಂ ಆಫೀಸರ್‌ಗೆ ಅಷ್ಟ. ನಾ ಹೊಡದ್ ಹೊಡದ್ ಕೈ ಸವದೈತಿ, ನನಗ ಒಬ್ಬಾಂವನೂ ಹೊಡದಿಲ್ಲ. ಸತ್ತಮ್ಯಾಲ ಹೊಡೀತಾರಂತ. ನೀ ಅಷ್ಟ ನೋಡ್ಕೋಪಾ."

ನಾನು ನಕ್ಕು ಹೂಂ ಎಂದಿದ್ದೆ.

ಎಂಬತ್ತರ ದಶಕದ ಆರಂಭದಲ್ಲಿ ಒಂದು ಬೆಳಗ್ಗೆ ಕಾಕಾ ಚಹಾ ಕುಡಿಯುತ್ತಲೇ ಹೋಗಿಬಿಟ್ಟರು. ಕಾಕೂ ಅಳಲಿಲ್ಲ. "ಅವರ ಸಲಾಂದ್ ಅಷ್ಟ ನೋಡ್ರಿ" ಎಂದರು. ಎಲ್ಲಿ ನೋಡುವುದು? ಪೊಲೀಸರು ಕಲ್ಯಾಣಕ್ಕೆ ಹೋಗು ಎಂದರು, ಕಲ್ಯಾಣದವರು ಥಾಣೆಗೆ ಅಟ್ಟಿದರು. ಅಲ್ಲಿ ಮಾಜಿ ಸೈನಿಕರ ಕಚೇರಿಯವರು ಎಲ್ಲಿಗೋ ಫೋನ್ ಹಚ್ಚಿ, ಅರ್ಧ ಮರಾಠಿ ಅರ್ಧ ಇಂಗ್ಲಿಷಿನಲ್ಲಿ ಏನೇನೋ ಕೇಳಿದರು. ನಾನು ಎಲ್ಲಕ್ಕೂ "ಹೋ, ಹೋ" ಎಂದೆ. ಯಾವುದಕ್ಕೆ ಒಪ್ಪಿಕೊಂಡೆನೋ ದೇವರೇ ಬಲ್ಲ.

ಸಂಜೆಯ ಮುಂದೆ ಚಾಳಿನ ಅಂಗಳಕ್ಕೆ ಮಿಲಿಟರಿ ಗಾಡಿ ಬಂದೇಬಿಟ್ಟಿತು. ಒಬ್ಬ ಸುಬೇದಾರರು, ಕೆಲವು ಜವಾನರು, ಬ್ಯೂಗಲ್ ಊದುವವನು, ಮಡಿಸಿದ ಧ್ವಜ. ಅಷ್ಟರಲ್ಲಿ ವಿಧಿ ನಡೆಸಲು ಬಂದಿದ್ದ ಜಂಗಮಯ್ಯನವರು ಲಿಂಗಾಯತರ ಪದ್ಧತಿಯಂತೆ ಕಾಕಾರನ್ನು ಚಕ್ಕಳಮಕ್ಕಳ ಕೂರಿಸಿ, ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗವಿಟ್ಟಿದ್ದರು. ಸುಬೇದಾರರು ತಬ್ಬಿಬ್ಬಾದರು.

"ಝಂಡಾ ಕೈಸೇ ಡಾಲೇಂಗೇ? ಲಿಟಾನಾ ಪಡೇಗಾ."

ಧ್ವಜ ಹೊದಿಸಬೇಕಾದರೆ ಮಲಗಿಸಬೇಕಂತೆ ಎಂದು ಜಂಗಮಯ್ಯನವರಿಗೆ ತಿಳಿಸಿದೆ.

"ಲಿಂಗ ಕಟ್ಟಿದವರನ್ನ ಮಲಗಸಂಗಿಲ್ರಿ. ಕೂತಾಂಗ ಮಣ್ಣಿಗೆ ಹೋಗಬೇಕು."

ಹೆಣವನ್ನು ಮಲಗಿಸಿ ಸುಡುವುದನ್ನಷ್ಟೇ ಕಂಡಿದ್ದ ನಾನು ಯಾರ ಪರ ಮಾತಾಡಲಿ? ಇವರ ಮಾತನ್ನು ಅವರಿಗೆ, ಅವರದನ್ನು ಇವರಿಗೆ ದಾಟಿಸುತ್ತ ಅತ್ತ ದರಿ ಇತ್ತ ಪುಲಿ ಎಂಬಂತೆ ನಿಂತಿದ್ದೆ. ಮಲಗಿಸಿದರೆ ಕಾಕೂಗೆ ನೋವು, ಗಾಡಿ ತಿರುಗಿ ಹೋದರೆ ಕಾಕಾಗೆ ಕೊಟ್ಟ ಮಾತು ಸುಳ್ಳು. ಸುಬೇದಾರರು ಗಡಿಯಾರ ನೋಡಿಕೊಂಡರು.

ಆಗ ಕಾಕೂ ಹೊಸ್ತಿಲಿಗೆ ಬಂದರು. "ಅವರನ್ನ ಕೇಳ್ರಿ, ಕೂತವರಿಗೆ ಸಲಾಂ ಹೊಡ್ಯಾಂಗಿಲ್ಲೇನು?"

ನಾನು ಹಿಂದಿಯಲ್ಲಿ ಕೇಳಿದೆ. ಸುಬೇದಾರರು ಕಾಕಾರನ್ನು ತುಸು ಹೊತ್ತು ನೋಡಿದರು. "ಮಾರ್ತೇ ಹೈಂ, ಮಾಜೀ. ಬಡೇ ಸಾಬ್ ಲೋಗ್ ತೋ ಬೈಠೇ ಹೀ ರಹತೇ ಹೈಂ."

"ಹೊಡೀತಾರಂತೆ, ಕಾಕೂ. ದೊಡ್ಡ ಆಫೀಸರುಗಳು ಕೂತೇ ಇರ್ತಾರಂತೆ" ಎಂದೆ.

ಧ್ವಜವನ್ನು ಹೆಗಲಿನಿಂದ ಮೊಣಕಾಲಿನವರೆಗೆ ಹೊದಿಸಿದರು. ಹಾಗೆ ಹೊದಿಸುವುದು ನಿಯಮವೋ ಅಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಬ್ಯೂಗಲ್ ಮೊಳಗಿತು. ಕಾಕೂ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು.

"ಹೊಡದ್ರೇನ್ರಿ?"

"ಹೊಡೆದ್ರು, ಕಾಕೂ."

"ಆ ಸುಬೇದಾರ ಸಾಹೇಬ್ರೂ?"

"ಅವರೇ ಮೊದಲು."

ಆಮೇಲೆ ಕಾಕೂ ಅತ್ತರು.