ಮದುವೆಯ ಅಡಿಯಲ್ಲಿ ನಮ್ಮ ‘ಚಿಣ್ಣರ ಸಂಚಿಕೆ’

ಮಕ್ಕಳ ಚರಿತ್ರೆಯನ್ನು ಅಳಿಸುವುದು ತಪ್ಪು. ಆ ತಪ್ಪನ್ನು ನಮ್ಮ ಮೂಡುಬಿದಿರೆಯಲ್ಲೇ ಮಾಡಿದ್ದಾರೆ, ಗೆಳೆಯರೇ.

ಭಾನುವಾರ ಲೋಕಲ್ ಕೇಬಲ್‌ನಲ್ಲಿ ಬರುತ್ತಿದ್ದ ‘ಚಿಣ್ಣರ ಸಂಚಿಕೆ’ ನೆನಪಿದೆಯೇ? ಕಥೆ, ಒಗಟು, ವಾರ್ತೆ ಎಲ್ಲವನ್ನೂ ಮಕ್ಕಳೇ ಓದುತ್ತಿದ್ದ ಟಿವಿ ಪತ್ರಿಕೆ. ಅದರ ಚರಿತ್ರೆ ಬರೆಯಲೆಂದು ಇವತ್ತು, ಅದನ್ನು ಚಿತ್ರೀಕರಿಸುತ್ತಿದ್ದ ಸದಾಶಿವಣ್ಣನ ಮನೆಗೆ ಹೋದೆ. ಕಳೆದ ಪೋಸ್ಟಿನಲ್ಲಿ ಬರುತ್ತೇವೆ ಎಂದಿದ್ದ ನೀವು ಯಾರೂ ಬರಲಿಲ್ಲ.

“ಕ್ಯಾಸೆಟ್ ಎಲ್ಲ ಉಂಟು” ಎಂದು ಒಂದನ್ನು ಹಾಕಿದರು. ಪುತ್ತಿಗೆಯ ಯಾರದೋ ಮದುವೆ.

“ಅಣ್ಣ, ಮಕ್ಕಳೆಲ್ಲಿ?”

“ಅಡಿಯಲ್ಲಿ ಇದ್ರು ಮಾರಾಯ್ತಿ. ಹೊಸ ಕ್ಯಾಸೆಟ್ ಎಲ್ಲಿಂದ ತರುವುದು? ಅದರ ಮೇಲೆಯೇ ಮದುವೆ ತೆಗೀತಿದ್ದೆ.”

“ಇದು ಸಾಂಸ್ಕೃತಿಕ ಅಪರಾಧ!”

“ಆಗಲಿ, ಚಾ ಕುಡಿ.”

ಮದುವೆಯೂಟ ಮುಗಿದರೂ ಟೇಪ್ ಓಡುತ್ತಿತ್ತು. ಕೊನೆಯ ಒಂದು ನಿಮಿಷ ಹಳೆಯ ಸಂಚಿಕೆ ಅಳಿಯದೆ ಉಳಿದಿತ್ತು. ಐದನೇ ಕ್ಲಾಸಿನ ನಾನು, ಎರಡು ಜಡೆ ಹಾಕಿಕೊಂಡು, ಒಗಟು ಬಿಡಿಸಿದವಳ ಹೆಸರು ಓದುತ್ತಿದ್ದೆ: ಚಾರ್ಮಾಡಿಯ ಪ್ರಮೀಳಾ. ಪ್ರತಿ ವಾರ ಉತ್ತರ ಬರೆದ ಅವಳೊಬ್ಬಳ ಕಾಗದವಂತೂ ಬರುತ್ತಿತ್ತು. ಕಾಣದ ಆ ಹುಡುಗಿಯನ್ನೇ ನಾನು ಆಪ್ತ ಗೆಳತಿ ಎಂದುಕೊಂಡಿದ್ದೆ.

“ಅವಳನ್ನು ಹುಡುಕುವ ಅಣ್ಣ. ವಿಳಾಸ ಉಂಟಾ?”

ಸದಾಶಿವಣ್ಣ ಟಿವಿ ಆರಿಸಿದರು. “ಅದು ನಾನೇ ಬರೀತಿದ್ದದ್ದು. ಕಾಗದ ಒಂದೂ ಬರ್ತಿರ್ಲಿಲ್ಲ. ನೀವು ಮಕ್ಕಳು ಬೇಜಾರು ಮಾಡ್ಬಾರ್ದಲ್ಲ.”

ಈ ಪೋಸ್ಟಿಗೂ ಪ್ರಮೀಳಾ ಒಬ್ಬಳೇ ಲೈಕ್ ಕೊಟ್ಟಾಳು. ಉಳಿದ ಕ್ಯಾಸೆಟ್‌ಗಳ ಕೊನೆಯ ನಿಮಿಷಗಳನ್ನೂ ನೋಡಬೇಕು. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ಮೂಡುಬಿದಿರೆ ಬಸ್ ನಿಲ್ದಾಣ.