ಬೇಲಿಯಾಚೆಯ ಕೆಂಪು ದನ

ಬರ್ಡಿಕಿನ್ ಹೊಳೆಯ ಆಸುಪಾಸಿನಲ್ಲಿ ಯೂನಾ ಬ್ರ್ಯಾನಿಗನ್‌ಳ ಬಾಯಿಗೆ ಬಿದ್ದು ಮಾನ ಉಳಿಸಿಕೊಂಡವರು ಯಾರೂ ಇರಲಿಲ್ಲ. ಪಾದ್ರಿಯನ್ನೂ ಬಿಟ್ಟವಳಲ್ಲ ಆ ಪುಣ್ಯಾತಗಿತ್ತಿ. ಆದರೆ ಬೈಗುಳದ ಕೆನೆಯನ್ನೆಲ್ಲ ತೆಗೆದಿಡುತ್ತಿದ್ದದ್ದು ಬೇಲಿಯಾಚೆಯ ಕ್ಲ್ಯಾರಿ ಹಾಬ್‌ಡೇಗೆ. ಯಾಕೆಂದರೆ ಕ್ಲ್ಯಾರಿ ಹೊಸದೊಂದು ದನದ ತಳಿಯನ್ನೇ ಕಟ್ಟಲು ಹೊರಟಿದ್ದ. ಇಂಗ್ಲೆಂಡಿನ ಶಾರ್ಟ್‌ಹಾರ್ನ್ ಹಸುಗಳಿಗೆ ಇಂಡಿಯಾ ಕಡೆಯ, ಹೆಗಲ ಮೇಲೆ ಹಿಣಿಲೆದ್ದ ಹೋರಿ ಕೂಡಿಸಿ, ಬಿಸಿಲಿಗೂ ರಕ್ತ ಹೀರುವ ಉಣುಗಿಗೂ ಜಗ್ಗದೆ ಮೈತುಂಬ ಮಾಂಸ ಹಿಡಿಯುವ ಕೆಂಪು ದನ ಹುಟ್ಟಿಸುತ್ತೇನೆ, ಅದಕ್ಕೊಂದು ಹೆಸರಿಟ್ಟು ನೋಂದಣಿ ಮಾಡಿಸಿಯೇ ಸಾಯುತ್ತೇನೆ ಎಂದು ಪಬ್ಬಿನಲ್ಲಿ ಮೇಜು ಗುದ್ದಿ ಹೇಳಿದ್ದ.

"ಹೇಸರಗತ್ತೆ ಅಂತ ಹೆಸರಿಡಪ್ಪ, ಒಪ್ಪತ್ತೆ," ಅಂದಿದ್ದಳು ಯೂನಾ. ಪಬ್ಬಿಗೆ ಪಬ್ಬೇ ಬಿದ್ದೂ ಬಿದ್ದೂ ನಕ್ಕಿತ್ತು.

ಇನ್ನು ನಿಜ ಕೇಳಿ. ಒಂದು ಬೇಸಗೆ ಕ್ಲ್ಯಾರಿಯ ಹೋರಿ ಬೇಲಿ ಹಾರಿ ಯೂನಾಳ ಹಸುಗಳ ಮಧ್ಯೆ ಬಂದು ನಿಂತಿತು. ಕತ್ತಿನಡಿಯ ಗಂಗೆದೊಗಲು ನಿಲುವಂಗಿಯ ಹಾಗೆ ತೂಗಾಡುತ್ತಿದ್ದುದರಿಂದ ಅದಕ್ಕೆ ಬಿಷಪ್ ಎಂದೇ ಹೆಸರು. ಪರರ ಹೋರಿ ತನ್ನ ಹುಲ್ಲುಗಾವಲಿಗೆ ನುಗ್ಗಿದರೆ ಹಿಡಿದು ಬೀಜ ಒಡೆಯುವುದು ಆ ಸೀಮೆಯ ವಾಡಿಕೆ. ಯೂನಾ ಹಾಗಂತ ಕೂಗಾಡಿದಳು, ಆದರೆ ಒಡೆಯಲಿಲ್ಲ. ಮರುವರ್ಷ ಕರುಗಳು ಹುಟ್ಟಿದವು. ಅವಳ ಶಾರ್ಟ್‌ಹಾರ್ನ್‌ಗಳು ಮರದಡಿ ನಾಲಿಗೆ ಚಾಚಿ ಏದುತ್ತಿದ್ದರೆ ಈ ಕೆಂಪು ಕರುಗಳು ನಡುಮಧ್ಯಾಹ್ನದ ಬಿಸಿಲಲ್ಲಿ ಕುಣಿದಾಡುತ್ತಿದ್ದವು. ಮೈ ಸವರಿ ನೋಡಿದಳು. ಒಂದೇ ಒಂದು ಉಣುಗಿಲ್ಲ! ಅತ್ತ ಇತ್ತ ಕಣ್ಣು ಹಾಯಿಸಿ, "ಅಯ್ಯೋ ನನ್ನ ಬಂಗಾರಗಳಾ," ಎಂದು ಮುದ್ದಿಟ್ಟುಬಿಟ್ಟಳು.

ಅಲ್ಲಿಂದ ಶುರುವಾಯಿತು ನೋಡಿ ಕಳ್ಳಾಟ. ಹಸುಗಳು ಬೆದೆಗೆ ಬರುವ ಕಾಲಕ್ಕೆ ಯೂನಾ ತಾನೇ ಇಕ್ಕಳ ಹಿಡಿದು ಹೋಗಿ ಬೇಲಿಯ ಮೇಲಿನ ತಂತಿ ಬಿಚ್ಚುವಳು. ಬಿಷಪ್ ಬಂದು ಹೋದ ಮೇಲೆ ಅದೇ ಬೇಲಿಯ ಬಳಿ ನಿಂತು, "ಕ್ಲ್ಯಾರೀ! ನಿನ್ನ ಹಾಳು ಹೋರಿ ಮತ್ತೆ ಬಂದಿತ್ತು ಕಣೋ! ಒಂದಿನ ಕತ್ತರಿ ಹಾಕ್ತೀನಿ ನೋಡ್ತಿರು!" ಎಂದು ಹೊಳೆಯಾಚೆಗೂ ಕೇಳುವಂತೆ ಅರಚುವಳು. ಪಾಪ, ಕ್ಲ್ಯಾರಿ ಟೋಪಿ ಕೈಲಿ ಹಿಡಿದು ಬಂದು ಕ್ಷಮೆ ಕೇಳಿ, ತಂತಿ ಬಿಗಿದು, ಒಂದು ಬುಟ್ಟಿ ಮಾವಿನಹಣ್ಣು ಇಟ್ಟು ಹೋಗುವನು. ಹಣ್ಣನ್ನೂ ತಿಂದಳು ಈಕೆ, ಬಿಡಲಿಲ್ಲ! ಕರುಗಳನ್ನು ಕಟುಕನಿಗೆ ಕೊಟ್ಟೆ ಎಂದು ಊರಿಗೆ ಹೇಳಿ ಗುಡ್ಡದ ಹಿಂದೆ ಸಾಕಿದಳು. ಗಂಡ ತೀರಿಕೊಂಡಿದ್ದ, ಕೇಳುವವರಿರಲಿಲ್ಲ. ಕೆಂಪಿಗೆ ಕೆಂಪೇ ಹುಟ್ಟುವ ತನಕ ವರ್ಷಾನುವರ್ಷ ಆರಿಸಿ ಆರಿಸಿ ಕೂಡಿಸಿದಳು.

ಕೊನೆಗೊಂದು ದಿನ ಬ್ರಿಸ್ಬೇನಿನಿಂದ ತಳಿ ಸಂಘದ ಮೂವರು ಪರೀಕ್ಷಕರು ಕ್ಲ್ಯಾರಿಯ ದೊಡ್ಡಿಗೆ ಬಂದರು. ಸೀಮೆಯೆಲ್ಲ ಬೇಲಿ ಹತ್ತಿ ಕೂತಿತ್ತು. ಯೂನಾ ದೊಡ್ಡದೊಂದು ಕೇಕು ಮಾಡಿಕೊಂಡು ಬಂದಿದ್ದಳು. ನೆರೆಯವನ ಮುಖಭಂಗ ನೋಡಲು ಬರಿಗೈಲಿ ಹೋದರೆ ಚೆನ್ನಾಗಿರುತ್ತದೆಯೇ?

ಹಿರಿಯ ಪರೀಕ್ಷಕ ಪೆಥೆರಿಕ್ ಹಲ್ಲು ನೋಡಿದ, ಗೊರಸು ನೋಡಿದ, ಬೆನ್ನು ತಟ್ಟಿದ. "ದನ ಲಾಯಕ್ಕಾಗಿವೆ ಹಾಬ್‌ಡೇ ಅವರೇ. ಆದ್ರೆ ಒಬ್ಬರ ದೊಡ್ಡಿಯಲ್ಲಿ ಇದ್ರೆ ಅದು ತಳಿ ಅಲ್ಲ, ಅದೃಷ್ಟ. ಬೇರೆಯವರ ಕೈಲಿ, ಬೇರೆ ಹುಲ್ಲಲ್ಲೂ ಇಂಥವೇ ಹುಟ್ಟಬೇಕು. ಯಾರಾದ್ರೂ ಬೆಳೆಸಲಿ, ಹತ್ತು ವರ್ಷ ಬಿಟ್ಟು ಬರ್ತೀವಿ."

"ಹತ್ತು ವರ್ಷ?" ಅಂದ ಕ್ಲ್ಯಾರಿ. ಎಪ್ಪತ್ತು ದಾಟಿದ ಮುದುಕ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ.

ಯೂನಾಳ ಹೊಟ್ಟೆ ತಣ್ಣಗಾಗಬೇಕಿತ್ತು. ಆಗಲಿಲ್ಲ. ಸುಮ್ಮನಿದ್ದರೆ ಕ್ಲ್ಯಾರಿಯ ಬಾಳೆಲ್ಲ ನೀರಿನಲ್ಲಿ ಹೋಮ, ಗುಡ್ಡದ ಹಿಂದಿನ ತನ್ನ ಬಂಗಾರಗಳೂ ಹೆಸರಿಲ್ಲದ ಬೆರಕೆಗಳಾಗಿಯೇ ಸಾಯುತ್ತವೆ. ಬಾಯಿ ಬಿಟ್ಟರೆ ಉಗುಳಿದ್ದನ್ನೆಲ್ಲ ಊರೆದುರು ನೆಕ್ಕಬೇಕು. ಕೇಕು ಕೊಯ್ಯುವ ಚಾಕು ಎತ್ತಿ ಹಿಡಿದು ಎದ್ದು ನಿಂತಳು.

"ನನ್ನ ಹತ್ರ ಇವೆ!"

"ಏನಿವೆ, ಇನ್ನೂ ಕೇಕಾ?" ಅಂದ ಪಬ್ಬಿನವನು.

"ದನ ಕಣೋ, ಮುಠ್ಠಾಳ! ಬಿಷಪ್‌ನ ಮಕ್ಕಳು, ಮೊಮ್ಮಕ್ಕಳು! ಗುಡ್ಡ ತುಂಬಾ ಇವೆ!"

ಮುಂದಿನದು ಜಾತ್ರೆ. ಲಾರಿ, ಕುದುರೆ, ಪಾದ್ರಿಯ ಕಾರು, ಎಲ್ಲ ಒಂದರ ಹಿಂದೊಂದು ಧೂಳೆಬ್ಬಿಸಿಕೊಂಡು ಗುಡ್ಡದ ಹಿಂದಕ್ಕೆ ಓಡಿದವು. ಯೂನಾ ಒಂದು ಕೂಗು ಹಾಕಿದ್ದೇ ತಡ, ಕೆಂಪು ದನ ಕೂಸುಗಳ ಹಾಗೆ ಬಂದು ಮುತ್ತಿಕೊಂಡು ಅವಳ ಕೈಗೆ ಮೆತ್ತಿದ್ದ ಕೇಕಿನ ಕೆನೆ ನೆಕ್ಕಿದವು. ಒಂದು ಕಡಸು ಪೆಥೆರಿಕ್‌ನ ಟೈ ಅಗಿಯತೊಡಗಿತು. "ಸ್ವಭಾವ ಸಾಧು," ಅಂದ ಆತ, ಟೈ ಎಳೆದುಕೊಳ್ಳುತ್ತ.

"ಅದು ನನ್ನ ಬಿಷಪ್‌ನ ಮುಖ! ಅಚ್ಚು ಹೊಡೆದ ಹಾಗಿದೆ!" ಕ್ಲ್ಯಾರಿ ಕಿರುಚಿದ. "ಕಳ್ಳಿ!"

"ನಾನೇನು ಹೊತ್ಕೊಂಡು ಬಂದ್ನೇನೋ? ಮೊದಲನೇ ಸಲ ಅದೇ ಹಾರ್ಕೊಂಡು ಬಂತು!"

"ಆಮೇಲೆ?"

"ಆಮೇಲೆ... ಹೂಂ, ತಂತಿ ಬಿಚ್ಚಿದ್ದು ನಾನೇ. ಏನೀಗ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಾದ್ರಿ ಕಾರಿಗೆ ಒರಗಿ ಕಣ್ಣೊರೆಸಿಕೊಂಡ. ಪರೀಕ್ಷಕರು ಮೂವರೂ ಅರ್ಧ ದಿನ ಹಿಂಡೆಲ್ಲ ಸುತ್ತಿ, ತಲೆ ಸೇರಿಸಿ ಪಿಸುಗುಟ್ಟಿದರು. ಆಮೇಲೆ ಪೆಥೆರಿಕ್ ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಹತ್ತಿ, "ಇದು ತಳಿ! ನೋಂದಣಿ ಆಯ್ತು ಅಂತಲೇ ತಿಳ್ಕೊಳ್ಳಿ!" ಅಂದ. ಟೋಪಿಗಳೆಲ್ಲ ಆಕಾಶಕ್ಕೆ ಹಾರಿದವು, ದನ ಬೆಚ್ಚಿ ಚದುರಿದವು, ಯಾರೋ ಯೂನಾಳನ್ನು ಎತ್ತಿ ಗರಗರ ತಿರುಗಿಸಿದರು.

ಕ್ಲ್ಯಾರಿ ಮಾತ್ರ ಕುಣಿಯಲಿಲ್ಲ. ಮಣ್ಣಿನ ಮೇಲೆ ಕೂತುಬಿಟ್ಟಿದ್ದ. ಯೂನಾ ಓಡಿಹೋದಳು. "ಏನಾಯ್ತೋ? ಎದೆ ನೋವಾ? ಗೆದ್ದೆ ಕಣೋ ನೀನು!"

"ಗೆದ್ದೆ," ಅಂದ ಕ್ಲ್ಯಾರಿ. ನಗುತ್ತಿದ್ದ, ಕಣ್ಣಲ್ಲಿ ನೀರಿತ್ತು. "ಇಷ್ಟು ವರ್ಷ ಈ ಸೀಮೆಗೆಲ್ಲ ನಾನೊಬ್ನೇ ಹುಚ್ಚ ಅಂದ್ಕೊಂಡಿದ್ದೆ, ಯೂನಾ. ಒಂದು ಒಳ್ಳೇ ಕರು ಹುಟ್ಟಿದ್ರೆ ಕರೆದು ತೋರಿಸೋಕೆ ಒಂದು ನರಪಿಳ್ಳೆ ಇರ್ಲಿಲ್ಲ. ನೋಡಿದ್ರೆ ನೀನು ಇಲ್ಲೇ ಇದ್ದೆ. ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಯೂನಾಳಿಗೂ ಕರೆದು ತೋರಿಸಲು ಯಾರೂ ಇರಲಿಲ್ಲ.

"ಹೇಳ್ಬೇಕಿತ್ತು ಕಣೋ," ಎಂದು ಅವನ ಪಕ್ಕದಲ್ಲೇ ಮಣ್ಣಿಗೆ ಕೂತು, ಹೋದ ವಾರ ಹುಟ್ಟಿದ ಕರುವನ್ನು ಕೂಗಿ ಕರೆದಳು.