ಎರಡನೆಯ ಬಕೆಟ್ಟಿನ ಹಳದಿ

ಮಾಳಪ್ಪ, ಎರಡನೆಯ ಬಕೆಟ್ಟಿಗೆ ಬಣ್ಣದ ಬಾಟಲಿ ಸುರಿದವನು ನಾನು. ನೀನಲ್ಲ. ಈ ಮಾತನ್ನು ಒಂಬತ್ತು ವರ್ಷ ನುಂಗಿಕೊಂಡು, ದಿನಾ ವಿಭೂತಿ ಧರಿಸಿ, ಊರಿಗೆಲ್ಲ ಸತ್ಯದ ಮಹಿಮೆ ಬೋಧಿಸುತ್ತ ಬಂದಿದ್ದೇನೆ. ನಿವೃತ್ತ ಮುಖ್ಯೋಪಾಧ್ಯಾಯರಿಗೆ ಹಲ್ಲು ಬೀಳುತ್ತವೆ, ನಾಲಿಗೆ ಬೀಳುವುದಿಲ್ಲ.

ವಿದ್ಯಾಗಿರಿಯ ನಮ್ಮ ಹೊಸ ಮನೆಯ ನಡುಮನೆಗೆ ಬೆಚ್ಚನೆಯ ಹಳದಿ ಬೇಕೆಂದವಳು ನನ್ನ ಹೆಂಡತಿ ಗಂಗವ್ವ. ತನ್ನ ಇಳಕಲ್ ಸೀರೆಯನ್ನು ನಿನ್ನೆದುರು ಹರವಿ, “ಈ ಬಣ್ಣ ಬರಬೇಕ ನೋಡಪಾ” ಅಂದಿದ್ದಳು. ನೀನು ಬಣ್ಣ ಹಚ್ಚಲು ದಿನಾ ಬೇವೂರಿನಿಂದ ಬರುತ್ತಿದ್ದೆ, ಹಣೆಯ ತುಂಬ ಬೀರಪ್ಪ ದೇವರ ಅರಿಸಿನ ಪುಡಿ, ಆ ಭಂಡಾರ, ಬಳಿದುಕೊಂಡು. ಎರಡು ಬಕೆಟ್ಟು ಬಿಳಿ ಬಣ್ಣಕ್ಕೆ ಬಾಟಲಿಯಿಂದ ಹನಿಹನಿಯಾಗಿ ಹಳದಿ ಬೆರೆಸಿದೆ. ಮೊದಲ ಬಕೆಟ್ಟಿನಿಂದ ಎರಡು ಗೋಡೆ ಮುಗಿಸಿದೆ. ಆ ಹಸಿ ಗೋಡೆ ನನಗೆ ಅರಿಸಿನ ಕಾಣದ ಮಜ್ಜಿಗೆಯಂತೆ ಕಂಡಿತು.

“ತಡೀರಿ ಸರ, ಒಣಗಿದ ಮ್ಯಾಲೆ ಬಣ್ಣ ಏರ್ತೈತ್ರಿ” ಅಂದೆ ನೀನು.

ತಡೆಯುವುದು—ಅದನ್ನು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದ್ದೆ, ಕಲಿತಿರಲಿಲ್ಲ. ನೀನು ಹಿತ್ತಲಲ್ಲಿ ರೊಟ್ಟಿ ತಿನ್ನುವಾಗ, ಬಾಟಲಿಯಲ್ಲಿ ಉಳಿದ ಹಳದಿಯನ್ನೆಲ್ಲ ಎರಡನೆಯ ಬಕೆಟ್ಟಿಗೆ ಬಗ್ಗಿಸಿ, ಕೋಲಾಡಿಸಿ, ಏನೂ ಅರಿಯದವನಂತೆ ಪೇಪರು ಹಿಡಿದು ಕೂತೆ. ನೀನು ಬಂದು ನೋಡಿ, “ಇದ್ಯಾಕೋ ಬ್ಯಾರೆ ಕಾಣಾಕತ್ತೈತಿ” ಅಂದಾಗಲೂ—“ಬೆಳಕಿಂದು ಅದು, ಹಚ್ಚು” ಅಂದೆ.

ಮರುದಿನ ಗೃಹಪ್ರವೇಶ. ಎರಡು ಗೋಡೆ ಗಂಗವ್ವನ ಸೀರೆ; ಇನ್ನೆರಡು, ಆಟೋರಿಕ್ಷಾದ ಹಳದಿ ನಂಬರ್ ಬೋರ್ಡು. ಬಂದ ಬೀಗರೆಲ್ಲ ಗೋಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಊಟಕ್ಕೆಂದು ಬಂದಿದ್ದ ನಿನ್ನನ್ನು ನಡುವೆ ನಿಲ್ಲಿಸಿದೆ. ನೀನು ಹಣೆ ಮುಟ್ಟಿಕೊಂಡು, “ಭಂಡಾರದ ಆಣಿ ಸರ, ಎರಡಕ್ಕೂ ಒಂದ ಅಳತಿ ಹಾಕೀನಿ” ಅಂದೆ. ಆಗ ನನ್ನ ಹಾಳು ಬಾಯಿ—

“ಆಣಿ ಯಾಕಲೇ, ಆ ಭಂಡಾರನ ತಗದು ಬಕೆಟ್ಟಿಗೆ ಸುರವಿ ಬಿಡು!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನು ಉಣ್ಣದೆ ಬ್ರಷ್ಷು ಕಟ್ಟಿಕೊಂಡು ಹೋದೆ. ಭಂಡಾರ ಪೇಂಟರ್ ಎಂಬ ಹೆಸರು ಓಣಿಯಿಂದ ಓಣಿಗೆ ನಡೆಯಿತು. ಬರಬರುತ್ತ ನಿನ್ನನ್ನು ಯಾರೂ ಕರೆಯದಾದರು. ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶಿಗೆ ಸೇರಿದ್ದೀಯಂತೆ. ದೂಳಿಗೆ ಕೆಮ್ಮುತ್ತೀಯಂತೆ. ಕಲ್ಲಿನ ಬಣ್ಣ ಕಲ್ಲಿನದೇ—ಅದನ್ನು ಕೆಡಿಸಿದೆಯೆಂದು ಅಲ್ಲಿ ಯಾವ ಪಂಡಿತನೂ ನಿನ್ನನ್ನು ಹಿಡಿಯಲಾರ.

ಸಿಟ್ಟು ಬರುತ್ತದೆ, ಮಾಳಪ್ಪ. ನಕ್ಕವರ ಮೇಲೆ ಬರುತ್ತದೆ. ಅವರಿಗೆ ನಗು ಬಡಿಸಿದವನ ಮೇಲೆ, ಕಪಾಳಕ್ಕೆ ಬಾರಿಸುವಷ್ಟು. ಹೋದ ವಾರ ಪಕ್ಕದ ಮನೆಯ ಶಿವಪ್ಪ ಚಹಾ ಕುಡಿಯುತ್ತ, “ಸರ, ಆ ಭಂಡಾರದ್ದು ಇನ್ನೊಮ್ಮೆ ಹೇಳ್ರಲಾ” ಅಂದ. ಹೇಳಿದೆ! ಕೈ ಆಡಿಸಿ, ನಿನ್ನ ದನಿ ಅನುಕರಿಸಿ—ಹೇಳಿಯೇ ಹೇಳಿದೆ. ಅವನು ಹೋದ ಮೇಲೆ ಗಂಗವ್ವ ಚಹಾದ ಕಪ್ಪು-ಬಸಿ ಎತ್ತಿಕೊಳ್ಳುತ್ತ ಅಂದಳು:

“ಬಾಟ್ಲಿ ಸುರವಿದವರ ಹೆಸರೂ ಹೇಳಬೇಕಿತ್ತಲ್ರಿ. ಅವತ್ತ ನಿಮ್ಮ ಧೋತರದ ಹಳದಿ ಕಲಿ ತಿಕ್ಕಿ ತೊಳದಾಕಿ ನಾನ.”

ಒಂಬತ್ತು ವರ್ಷ ಆಕೆ ಆ ಸತ್ಯ ನನ್ನ ಬಾಯಿಂದಲೇ ಬರಲೆಂದು ಕಾದಿದ್ದಾಳೆ. ಒಣಗಿದ ಮೇಲೆ ಬಣ್ಣ ಏರುತ್ತದೆ ಎಂದಿದ್ದೆಯಲ್ಲ—ಏರಿದೆ.

ಆ ಗೋಡೆಗಳಿಗೆ ಮತ್ತೆ ಬಣ್ಣ ಹಚ್ಚಿಸಿಲ್ಲ. ಈ ಭಾನುವಾರ ಶಿವಪ್ಪನನ್ನೂ ಅಂದು ನಕ್ಕ ಉಳಿದವರನ್ನೂ ಅವುಗಳ ಮುಂದೆ ಕೂರಿಸುತ್ತೇನೆ; ಸೋಮವಾರ ನಿನ್ನಲ್ಲಿಗೆ ಇಳಕಲ್ ಬಸ್ಸು ಹತ್ತುತ್ತೇನೆ. ನೀನು ನನ್ನೊಡನೆ ಮಾತಾಡಬೇಕಿಲ್ಲ. ಭಾನುವಾರ ಅದೇ ಕಥೆಯನ್ನು ಅವರಿಗೆ ಮೊದಲಿನಿಂದ ಹೇಳಿಯೇ ಬರುತ್ತೇನೆ, ಬಾಟಲಿಯ ಸಮೇತ. ನಗುವವರು ನಗಲಿ. ಹೆಸರಿಡುವವರು ಇಡಲಿ—ಈ ಸಲ ನನಗೆ.